ದವಡೆಯ ಹಳದಿ ಕಾರ್ಡು

ಟೀಚರು ಮೊದಲ ಸಲ ನಮ್ಮ ಆಸ್ಪತ್ರೆಗೆ ಬಂದಾಗ ಅವರ ಬಾಯಿ ಹದಿನಾಲ್ಕು ಮಿಲಿಮೀಟರ್ ತೆರೆಯುತ್ತಿತ್ತು. ಒಂದು ಬೆರಳು ಹೋಗುವಷ್ಟು ಸಂದು, ಅಷ್ಟೇ. ಅಳೆದವಳು ನಾನೇ. ಸ್ಟೀಲಿನ ಸ್ಕೇಲನ್ನು ಸ್ಪಿರಿಟ್‌ನಿಂದ ಒರೆಸಿ, ಮೇಲಿನ ಮುಂಬಲ್ಲಿನ ಅಂಚಿನಿಂದ ಕೆಳಗಿನ ಮುಂಬಲ್ಲಿನ ಅಂಚಿಗೆ ಹಿಡಿದು, ಡಾಕ್ಟರಿಗೆ ಓದಿ ಹೇಳಿ, ಕೇಸ್ ಶೀಟಿನಲ್ಲಿ ಬರೆದೆ. ನೋವಿಲ್ಲದವರ ಬಾಯಿ ನಲವತ್ತರ ಆಸುಪಾಸು ತೆರೆಯುತ್ತದೆ. ಸ್ಕೇಲ್ ಇಲ್ಲದಿದ್ದರೆ ಅವರವರ ಬೆರಳೇ ಅಳತೆ. ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟರೆ ಹಿಡಿಸಬೇಕು.

ಅದು ಎಪ್ಪತ್ತರ ದಶಕದ ನಡುವಿನ ಒಂದು ಜೂನ್ ತಿಂಗಳು. ರಾಜಾಜಿನಗರದ ನಮ್ಮ ಆಸ್ಪತ್ರೆ ದೊಡ್ಡದಲ್ಲ. ಇಪ್ಪತ್ತೆಂಟು ಹಾಸಿಗೆ, ಒಂದು ಆಪರೇಷನ್ ಥಿಯೇಟರ್. ಥಿಯೇಟರೂ ಅದರ ಪಕ್ಕದ ವಾರ್ಡೂ ನನ್ನ ಕೈಯಲ್ಲಿದ್ದವು. ದವಡೆಯ ಡಾಕ್ಟರು ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಸ್ಕೂಟರ್‌ನಲ್ಲಿ ಬರುತ್ತಿದ್ದರು. ಅವರ ಕೇಸುಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆ: ಮಾಗಡಿ ರಸ್ತೆಯಲ್ಲಿ ಬಿದ್ದ ಸ್ಕೂಟರ್ ಸವಾರರು, ಲಾರಿ ಕ್ಲೀನರುಗಳು, ಕೈಗಾರಿಕಾ ವಸಾಹತುವಿನಲ್ಲಿ ಬೆಲ್ಟ್ ಬಡಿದು ದವಡೆ ಮುರಿದುಕೊಂಡವರು. ಅವರಿಗೆ ಹಲ್ಲಿಗೆ ತಂತಿ ಕಟ್ಟಿ, ಬಾಯಿ ಮುಚ್ಚಿಸಿ, ಮೂಳೆ ಕೂಡುವ ತನಕ ಗಂಜಿ ಹೀರಿಸಿ ಕಳಿಸುತ್ತಿದ್ದೆವು.

ಈ ಟೀಚರಿಗೆ ಏಟು ಬಿದ್ದಿರಲಿಲ್ಲ. ಇಪ್ಪತ್ನಾಲ್ಕರ ವಯಸ್ಸು, ಹೆಗ್ಗನಹಳ್ಳಿಯ ರೈತರ ಮನೆಯ ಹುಡುಗಿ, ಮಾಗಡಿ ರಸ್ತೆಯ ಪಕ್ಕದ ಒಂದು ಖಾಸಗಿ ಶಾಲೆಯಲ್ಲಿ ಒಂದನೇ ತರಗತಿಗೆ ಪಾಠ. ಎರಡು ವರ್ಷದಿಂದ ಬಲಗಿವಿಯ ಮುಂದೆ, ಬಾಯಿ ತೆರೆದಾಗಲೆಲ್ಲ ಟಕ್ ಎನ್ನುತ್ತಿತ್ತಂತೆ. ಒಂದು ಬೆಳಿಗ್ಗೆ ಆ ಸದ್ದು ನಿಂತಿತು. ಮನೆಯವರು ವಾಸಿಯಾಯಿತೆಂದುಕೊಂಡರು. ಅದೇ ಬೆಳಿಗ್ಗೆ ಮುದ್ದೆಯ ತುತ್ತು ಬಾಯೊಳಕ್ಕೆ ಹೋಗಲಿಲ್ಲ.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿದರೆ ಒಂದು ಗುಂಡು ಆಡುವುದು ಯಾರಿಗಾದರೂ ಸಿಗುತ್ತದೆ. ಅದು ದವಡೆಯ ತುದಿ. ಆ ಗುಂಡಿಗೂ ತಲೆಬುರುಡೆಯ ಕುಳಿಗೂ ನಡುವೆ ಒಂದು ತೆಳು ಬಿಲ್ಲೆ ಇರುತ್ತದೆ. ಮೂಳೆಯಲ್ಲ, ಗಟ್ಟಿ ನಾರಿನದು. ಟೀಚರಿಗೆ ಆ ಬಿಲ್ಲೆ ಮುಂದಕ್ಕೆ ಜಾರಿತ್ತು. ಟಕ್ ಎನ್ನುತ್ತಿದ್ದಷ್ಟು ದಿನ ಅದು ಜಾರಿ ಮತ್ತೆ ತನ್ನ ಜಾಗಕ್ಕೆ ಬರುತ್ತಿತ್ತು. ಸದ್ದು ನಿಂತ ದಿನ ಮರಳಿ ಬರುವುದನ್ನು ಬಿಟ್ಟು, ಬಾಗಿಲಿನ ಕೆಳಗೆ ಸಿಕ್ಕಿದ ಬಟ್ಟೆಯ ಹಾಗೆ ಗುಂಡಿನ ದಾರಿಗೆ ಅಡ್ಡ ನಿಂತಿತ್ತು. ಎಕ್ಸ್‌ರೇಯಲ್ಲಿ ಬಿಲ್ಲೆ ಕಾಣುವುದಿಲ್ಲ. ಬಾಯಿ ತೆರೆಯುವಾಗ ಗಲ್ಲ ಬಲಕ್ಕೆ ವಾಲುವುದನ್ನು ನೋಡಿ, ಬೆರಳಿನಲ್ಲಿ ಮುಟ್ಟಿ, ಡಾಕ್ಟರು ಲೆಕ್ಕ ಹಾಕಿದರು.

ಶಾಲೆಯ ಸಂಗತಿಯನ್ನು ಹೇಳಿದವರು ಟೀಚರ ತಾಯಿ. ಮಗಳ ಮಾತು ಹಲ್ಲಿನ ಸಂದಿಯಿಂದ ಬರುತ್ತಿದ್ದುದರಿಂದ ಎಲ್ಲ ಮಾತೂ ತಾಯಿಯದೇ. ಅಕ್ಷರಮಾಲೆ ಹೇಳಿಕೊಡುವಾಗ ಮಕ್ಕಳು ಟೀಚರ ಬಾಯನ್ನೇ ನೋಡುತ್ತಾರಲ್ಲ. ನಲವತ್ತು ಮಕ್ಕಳೂ ಹಲ್ಲು ಕಚ್ಚಿಕೊಂಡೇ ಅ ಆ ಇ ಈ ಹೇಳುವುದನ್ನು ಕಲಿತುಬಿಟ್ಟಿದ್ದವು. ಮುಖ್ಯೋಪಾಧ್ಯಾಯಿನಿ ಒಂದು ದಿನ ಬಾಗಿಲಲ್ಲಿ ನಿಂತು ಕೇಳಿ, ಮಾರನೆಯ ದಿನವೇ ಟೀಚರನ್ನು ತರಗತಿಯಿಂದ ತೆಗೆದು ಆಫೀಸಿನಲ್ಲಿ ಹಾಜರಿ ಪುಸ್ತಕದ ಮುಂದೆ ಕೂರಿಸಿದರು. ಕೆಲಸ ಖಾಯಂ ಆಗಿರಲಿಲ್ಲ. ದಸರಾ ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ ಬಾಯಿ ಸರಿಹೋಗದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದಿದ್ದರು.

"ಗಂಜಿ ಕುಡ್ಕೊಂಡಾದ್ರೂ ಇರ್ತಾಳೆ, ಸಿಸ್ಟರಮ್ಮ," ಎಂದರು ತಾಯಿ. "ಆ ಮಕ್ಕಳನ್ನ ಬಿಟ್ಟು ಇರಾಕಿಲ್ಲ ಇವ್ಳು."

ಡಾಕ್ಟರು ಚಾಕುವಿಗೆ ಆತುರಪಡಲಿಲ್ಲ. ಹಲ್ಲಿನ ಮೇಲೆ ಕೂರುವ ಅಕ್ರಿಲಿಕ್ ತಟ್ಟೆ ಮಾಡಿಸಿ ಎರಡು ತಿಂಗಳು ಹಾಕಿಸಿದರು. ದವಡೆಯ ಕೀಲಿಗೆ ಎರಡು ಸಲ ಇಂಜೆಕ್ಷನ್ ಕೊಟ್ಟರು. ಹದಿನಾಲ್ಕು ಹದಿನಾರಾಯಿತು, ಮತ್ತೆ ಹದಿನಾಲ್ಕಕ್ಕೇ ಬಂತು. ಆಗಸ್ಟ್ ಕೊನೆಯಲ್ಲಿ ಆಪರೇಷನ್ ಎಂದು ತೀರ್ಮಾನವಾಯಿತು. ಕೀಲು ತೆರೆದು, ಬಿಲ್ಲೆಯನ್ನು ಹಿಂದಕ್ಕೆಳೆದು ಹೊಲಿಯಲು ಬಂದರೆ ಹೊಲಿಯುವುದು, ಆಗದಿದ್ದರೆ ತೆಗೆದುಹಾಕುವುದು. ನಮ್ಮ ಥಿಯೇಟರಿನಲ್ಲಿ ಅಂಥದ್ದು ಅದೇ ಮೊದಲು.

ಶುಕ್ರವಾರ ಬೆಳಿಗ್ಗೆ ಬಲಗಿವಿಯ ಮುಂದೆ ಎರಡು ಬೆರಳಗಲ ಕೂದಲು ಬೋಳಿಸಿದೆ. ತಾಯಿ ಅದನ್ನು ಕೇಳಿ ತೆಗೆದುಕೊಂಡು ಸೆರಗಿನಲ್ಲಿ ಕಟ್ಟಿಕೊಂಡರು.

ಮೊದಲ ಕಷ್ಟ ಅರಿವಳಿಕೆಯದು. ಬಾಯಿ ತೆರೆಯದವರಿಗೆ ಬಾಯಿಂದ ನಳಿಗೆ ಹಾಕಲಾಗುವುದಿಲ್ಲ. ಮೂಗಿನಿಂದ, ಕಣ್ಣಿಗೆ ಏನೂ ಕಾಣದೆ, ಉಸಿರಿನ ಸದ್ದನ್ನು ಕಿವಿಯಲ್ಲಿ ಹಿಡಿಯುತ್ತ ಇಳಿಸಬೇಕು. ಅರಿವಳಿಕೆಯ ಡಾಕ್ಟರು ಹಿರಿಯರು. ನಳಿಗೆಯ ತುದಿಗೆ ಕಿವಿ ಇಟ್ಟು, ಕಣ್ಣು ಮುಚ್ಚಿ, ಮೂರು ಸಲ ತಪ್ಪಿ ನಾಲ್ಕನೆಯದಕ್ಕೆ ಇಳಿಸಿದರು. ಮೂಗಿನಲ್ಲಿ ರಕ್ತ ಬಂತು. ಕತ್ತಿನಲ್ಲಿ ಉಸಿರಿನ ದಾರಿ ಮಾಡುವ ಸೆಟ್ಟನ್ನು ಬಿಚ್ಚಿಟ್ಟುಕೊಂಡೇ ನಿಂತಿದ್ದೆ. ಅದು ಬೇಕಾಗಲಿಲ್ಲ. ಅವರು ಬೆವರು ಒರೆಸಿಕೊಂಡು, "ಇನ್ನೊಂದ್ಸಲ ನನ್ನ ಕೈಲಿ ಇದನ್ನ ಮಾಡಿಸ್ಬೇಡಿ, ಮಾರಾಯ್ರೇ," ಎಂದರು. ಆ ಮಾತಿಗೆ ಆಮೇಲೆ ತೂಕ ಬಂತು.

ಕಿವಿಯ ಮುಂದಿನ ಮಡಿಕೆಯಲ್ಲೇ ಗಾಯ ತೆರೆದರು. ಅಲ್ಲಿ ಮುಖದ ನರದ ಕವಲುಗಳು ಹಾದುಹೋಗುತ್ತವೆ. ಅದಕ್ಕಾಗಿ ಹುಬ್ಬು ಮತ್ತು ಕಣ್ಣಿನ ಮೇಲೆ ಬಟ್ಟೆ ಮುಚ್ಚದೆ ಬಿಟ್ಟಿದ್ದೆವು. ಹುಬ್ಬು ಅದುರಿದರೆ ಹೇಳುವ ಕೆಲಸ ಅರಿವಳಿಕೆಯವರದು. ಎರಡು ಸಲ ಅದುರಿತು, ಎರಡು ಸಲವೂ ಡಾಕ್ಟರು ಕೈ ನಿಲ್ಲಿಸಿದರು. ರಕ್ತನಾಳ ಕಟ್ಟಿ, ಪದರ ಪದರವಾಗಿ ಇಳಿದು, ಕೀಲಿನ ಚೀಲ ತೆರೆಯುವ ಹೊತ್ತಿಗೆ ಐವತ್ತು ನಿಮಿಷ ಕಳೆದಿತ್ತು.

ಬಿಲ್ಲೆ ಗುಂಡಿನ ಮುಂದೆ ಮುದುಡಿ ಕೂತಿತ್ತು, ಹಿಂಭಾಗ ಹರಿದಿತ್ತು. ಡಾಕ್ಟರು ಅದನ್ನು ಹಿಂದಕ್ಕೆಳೆದು ಎರಡು ಹೊಲಿಗೆ ಹಾಕಿದರು. ದಾರ ನೆನೆದ ಕಾಗದದಲ್ಲಿ ಎಳೆದಂತೆ ಕೊಯ್ದುಕೊಂಡು ಬಂತು. ಇನ್ನೆರಡು ಹಾಕಿದರು, ಅವೂ ಬಂದವು. ಆಮೇಲೆ ಸಣ್ಣ ಕತ್ತರಿ ಕೇಳಿದರು. ತೆಗೆದು ನನ್ನ ಬಟ್ಟಲಿಗೆ ಹಾಕಿದ್ದು ಹುಣಸೆಬೀಜದಷ್ಟು ಗಾತ್ರದ, ಮಾಸಲು ಬಣ್ಣದ ಒಂದು ಚೂರು. ಇಷ್ಟಕ್ಕೆ ಒಂದು ತರಗತಿ ಹಲ್ಲು ಕಚ್ಚಿಕೊಂಡಿತ್ತು.

ಕೀಲು ಮುಚ್ಚುವ ಮುನ್ನ ಡಾಕ್ಟರು ಗಲ್ಲ ಹಿಡಿದು ಬಾಯಿ ತೆರೆಸಿ ನೋಡಲು ಹೇಳಿದರು. ಅರಿವಳಿಕೆಯವರು ಅಳೆದರು. ಮೂವತ್ತಾರು.

ಮುಂದೆ ನಡೆದದ್ದನ್ನು ನಾನು ಹೇಗಿತ್ತೋ ಹಾಗೇ ಬರೆಯಬೇಕು. ಹೊರಗಿನ ಹೊಲಿಗೆ ಹಾಕುವಾಗ ನಾನು ಹತ್ತಿಬಟ್ಟೆ, ಸೂಜಿ, ಕತ್ತರಿಗಳ ಎಣಿಕೆಗೆ ಇಳಿದೆ. ಎಣಿಕೆ ನಡೆಯುವಾಗ ಯಾರ ಮಾತಿಗೂ ಕಿವಿ ಕೊಡಬಾರದು ಎಂಬುದು ನನಗೆ ಕಲಿಸಿದ ಶಿಸ್ತು, ನಾನು ಇತರರಿಗೆ ಕಲಿಸಿದ್ದೂ ಅದೇ. ಡಾಕ್ಟರು ಏನೋ ಹೇಳಿದರು. ನಾನು ತಲೆಯಾಡಿಸಿ ಎಣಿಸುತ್ತಲೇ ಇದ್ದೆ. ಎಣಿಕೆ ಸರಿಯಿತ್ತು. ಅವರು ಹೇಳಿದ್ದು ಇಷ್ಟು: ಬ್ಯಾಂಡೇಜ್ ಒಂದು ದಿನ ಸಾಕು, ಎರಡನೆಯ ದಿನದಿಂದ ಬಾಯಿ ಆಡಿಸಬೇಕು. ಕೇಸ್ ಶೀಟಿನ ಹಿಂದಿನ ಪುಟದಲ್ಲಿ ಬರೆದೂ ಇದ್ದರು.

ನಮ್ಮ ವಾರ್ಡಿನಲ್ಲಿ ಹಾಸಿಗೆಯ ಕಾಲ ಕಡೆ ಒಂದು ಕಾರ್ಡು ನೇತುಹಾಕುವ ಪದ್ಧತಿ ಇತ್ತು. ಅದು ನಾನೇ ತಂದದ್ದು. ಹೊಟ್ಟೆಯ ಆಪರೇಷನ್‌ಗೆ ಬಿಳಿ, ಮೂಳೆಗೆ ನೀಲಿ, ದವಡೆಗೆ ಹಳದಿ. ಹಳದಿ ಕಾರ್ಡಿನಲ್ಲಿ ನನ್ನ ಕೈಬರಹದಲ್ಲಿ ಹೀಗಿತ್ತು: ತಲೆ ಸುತ್ತಿ ಗಲ್ಲಕ್ಕೆ ಬ್ಯಾಂಡೇಜ್, ಇಪ್ಪತ್ತೊಂದು ದಿನ. ದ್ರವ ಆಹಾರ ಮಾತ್ರ. ಮಾತು ಬೇಡ. ನಾಲ್ಕು ಗಂಟೆಗೊಮ್ಮೆ ಬಾಯಿ ತೊಳೆಸುವುದು. ಕಾರ್ಡು ನೋಡಿ, ಕೇಳಬೇಡಿ ಎಂದು ಕಿರಿಯ ನರ್ಸುಗಳಿಗೆ ಹೇಳಿದ್ದೆ. ಅದರಿಂದ ನನ್ನ ವಾರ್ಡಿನಲ್ಲಿ ಗೊಂದಲವೇ ಇರಲಿಲ್ಲ. ಟೀಚರನ್ನು ಥಿಯೇಟರಿನಿಂದ ತಂದು ಮಲಗಿಸಿದಾಗ ನಾನೇ ಹೋಗಿ ಹಳದಿ ಕಾರ್ಡು ತೂಗುಹಾಕಿದೆ. ದವಡೆಯ ಆಪರೇಷನ್ ತಾನೇ.

ಡಾಕ್ಟರು ಆ ಸಂಜೆ ನೋಡಿ ಹೋದರು. ಮರುದಿನ ಪರೀಕ್ಷಕರಾಗಿ ಬೇರೆ ಊರಿಗೆ ಹೊರಟರು, ಬರುವುದು ಹತ್ತನೆಯ ದಿನಕ್ಕೆ.

ಎರಡನೆಯ ದಿನ ಬೆಳಿಗ್ಗೆ ನಾನು ರೌಂಡ್ಸಿಗೆ ಬಂದಾಗ ಟೀಚರು ಸ್ಲೇಟು ಎತ್ತಿ ತೋರಿಸಿದರು. ಮಾತಾಡುವ ಹಾಗಿಲ್ಲವೆಂದು ತಾಯಿ ಮನೆಯಿಂದ ತಂದುಕೊಟ್ಟಿದ್ದರು. ಒಂದನೇ ತರಗತಿಯವರಿಗೆ ಬರೆಯುವ ಹಾಗೆ ದುಂಡಗೆ, ದೊಡ್ಡದಾಗಿ ಬರೆದಿತ್ತು: "ಬಾಯಿ ಆಡಿಸಬೇಕು ಎಂದು ಡಾಕ್ಟರು ಹೇಳಿದ್ದಾರೆ."

"ನೀವೇ ಟೀಚರು. ಕಾರ್ಡು ಓದಿ," ಎಂದೆ. ಟ್ರೇಯಿಂದ ಒದ್ದೆ ಗಾಜ್ ತೆಗೆದು ಸ್ಲೇಟನ್ನು ಒರೆಸಿ ಹಿಂದಕ್ಕೆ ಕೊಟ್ಟೆ. ಬ್ಯಾಂಡೇಜು ಸಡಿಲವಾಗಿದ್ದನ್ನು ಬಿಗಿ ಮಾಡಿದೆ.

ಮೂರನೆಯ ದಿನ ಅದೇ ವಾಕ್ಯ. ಒರೆಸಿದೆ. ನಾಲ್ಕನೆಯ ದಿನವೂ ಅದೇ. ಆ ದಿನ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ, ಅವರವರಿಗೆ ತೋಚಿದ ಹಾಗೆ ಮಾಡಿದರೆ ಇದು ಆಸ್ಪತ್ರೆ ಆಗುವುದಿಲ್ಲ ಎಂದು. ಐದನೆಯ ದಿನ ಸ್ಲೇಟು ದಿಂಬಿನ ಕೆಳಗೆ ಇತ್ತು. ಪಳಗಿದರು ಎಂದುಕೊಂಡೆ. ಏಳನೆಯ ದಿನ ಡ್ಯೂಟಿ ಡಾಕ್ಟರು ಹೊಲಿಗೆ ಬಿಚ್ಚಿ, ಗಾಯ ಒಣಗಿದೆ, ದವಡೆಯ ವಿಚಾರ ಅವರೇ ಬಂದು ನೋಡಲಿ ಎಂದು ಹೋದರು. ನಾನು ಹೊಸ ಬ್ಯಾಂಡೇಜು ಸುತ್ತಿದೆ. ನನ್ನ ಬ್ಯಾಂಡೇಜು ಯಾವತ್ತೂ ಜಾರುತ್ತಿರಲಿಲ್ಲ.

ಹತ್ತನೆಯ ದಿನ ಡಾಕ್ಟರು ಬಂದರು. ಬಾಗಿಲಿನಿಂದಲೇ ಬ್ಯಾಂಡೇಜು ಕಂಡು ಅವರ ನಡಿಗೆ ನಿಧಾನವಾಯಿತು. ತಾವೇ ಬಿಚ್ಚಿದರು. ಬಾಯಿ ತೆರೆಯಲು ಹೇಳಿ ಸ್ಕೇಲಿಗೆ ಕೈ ಚಾಚಿದರು. ಒಂಬತ್ತು.

ಆಪರೇಷನ್‌ಗೆ ಮುಂಚೆ ಇದ್ದದ್ದಕ್ಕಿಂತ ಐದು ಕಡಿಮೆ. ಆಪರೇಷನ್ ಮೇಜಿನ ಮೇಲೆ ಮೂವತ್ತಾರು ಇದ್ದದ್ದು ಒಂಬತ್ತು. ಆಡಿಸದೆ ಬಿಟ್ಟ ಕೀಲಿನಲ್ಲಿ, ಬಿಲ್ಲೆ ಇದ್ದ ಜಾಗದಲ್ಲಿ, ಗಾಯದ ನಾರು ಬೆಳೆದು ಬಿಗಿದುಕೊಳ್ಳುತ್ತಿತ್ತು.

ಡಾಕ್ಟರು ಕೇಸ್ ಶೀಟ್ ತಿರುಗಿಸಿ ತಮ್ಮ ಬರಹ ನೋಡಿದರು. ಹಾಸಿಗೆಯ ಕಾಲ ಕಡೆಗೆ ಹೋಗಿ ಕಾರ್ಡು ಕೈಗೆ ತೆಗೆದುಕೊಂಡರು.

"ಇದನ್ನ ಯಾರು ಬರೆದಿದ್ದು, ಸಿಸ್ಟರ್?"

"ನಾನೇ, ಡಾಕ್ಟರ್."

ಅವರು ಮತ್ತೊಮ್ಮೆ ಓದಿದರು. "ಅಕ್ಷರ ಚೆನ್ನಾಗಿದೆ," ಎಂದು ಕಾರ್ಡನ್ನು ನನ್ನ ಕೈಗೆ ಕೊಟ್ಟರು.

ಬೈದಿದ್ದರೆ ಮರೆತಿರುತ್ತಿದ್ದೆನೋ ಏನೋ.

ಮೇಟ್ರನ್ ಕೋಣೆಯಲ್ಲಿ ನಾಲ್ವರು ಕೂತೆವು. ಅರಿವಳಿಕೆ ಕೊಟ್ಟು ಬಲವಂತವಾಗಿ ಬಾಯಿ ಬಿಡಿಸುವುದು ಒಂದು ದಾರಿ. ಅರಿವಳಿಕೆಯ ಡಾಕ್ಟರು ಒಪ್ಪಲಿಲ್ಲ. ಮೂಗು ಇನ್ನೂ ಮಾಗಿಲ್ಲ, ಒಂಬತ್ತು ಮಿಲಿಮೀಟರಿನ ಬಾಯಿಗೆ ಕುರುಡಾಗಿ ನಳಿಗೆ ಇಳಿಸುವುದು ಪ್ರಾಣದ ಜೊತೆ ಆಟ ಎಂದರು. ಇನ್ನೊಂದು ದಾರಿ ಮರದ ಕಡ್ಡಿಗಳದು. ಹಲ್ಲಿನ ನಡುವೆ ಕಡ್ಡಿ ಜೋಡಿಸಿ, ಒಂದೊಂದೇ ಸೇರಿಸುತ್ತ, ದಿನಕ್ಕೆ ಎಂಟು ಸಲ. ಡಾಕ್ಟರು ಮೂರು ವಾರ ಕೊಟ್ಟರು. ಅಷ್ಟರಲ್ಲಿ ಇಪ್ಪತ್ತೈದು ಮುಟ್ಟದಿದ್ದರೆ ಮತ್ತೆ ಕೀಲು ತೆರೆಯಬೇಕು. ಎರಡನೆಯ ಸಲ ತೆರೆದರೆ ಮುಖದ ನರ ಉಳಿಯುತ್ತದೆಂದು ಮಾತು ಕೊಡಲಾರೆ ಎಂದರು. ಶಾಲೆ ತೆರೆಯಲು ಐದು ವಾರ ಇತ್ತು.

ಎಲ್ಲರೂ ಎದ್ದ ಮೇಲೆ ಮೇಟ್ರನ್ ನನ್ನನ್ನು ನಿಲ್ಲಿಸಿದರು. "ಅವರಿಗೇನೂ ಹೇಳೋಕೆ ಹೋಗ್ಬೇಡಿ. ಕೆಲವರಿಗೆ ನಿಧಾನ ಆಗುತ್ತೆ ಅಂದ್ರೆ ಮುಗೀತು. ಆಸ್ಪತ್ರೆ ಹೆಸರೂ ಇದೆ ಇದ್ರಲ್ಲಿ."

ಅವರು ಹೇಳಿದ್ದರಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಆ ಕಾಲದಲ್ಲಿ ರೋಗಿಗೆ ಹೀಗೆಲ್ಲ ಹೇಳುವ ವಾಡಿಕೆಯೂ ಇರಲಿಲ್ಲ. ನಾನು ಮೇಲಿನವರ ಮಾತು ಮೀರಿದವಳೂ ಅಲ್ಲ. ಕಾರಿಡಾರಿನಲ್ಲಿ ಒಂದು ಸಲ ಕೊನೆಯ ತನಕ ಹೋಗಿ ಹಿಂದಕ್ಕೆ ಬಂದೆ. ಟೀಚರಿಗೆ ಕಾರಣ ಆಗಲೇ ಗೊತ್ತು. ಮೂರು ದಿನ ಬರೆದು ತೋರಿಸಿದವರು ಅವರೇ. ನಿಧಾನವಾಗುತ್ತದೆ ಎಂದು ನಾನು ಹೇಳಿದರೆ ನಾಲ್ಕನೆಯ ಸಲ ಅವರ ಸ್ಲೇಟು ಒರೆಸಿದ ಹಾಗೆ.

ವಾರ್ಡಿಗೆ ಹೋಗಿ ಹಾಸಿಗೆಯ ಪಕ್ಕ ನಿಂತು, ಕಾರ್ಡು ತಪ್ಪು, ಹಾಕಿದವಳು ನಾನು, ಡಾಕ್ಟರು ಸರಿಯಾಗಿಯೇ ಬರೆದಿದ್ದರು, ನೀವು ಹೇಳಿದ್ದೂ ಸರಿಯಿತ್ತು ಎಂದೆ. ಒಂಬತ್ತು ಎಂದರೇನು, ಮುಂದೆ ಏನು ಮಾಡಬೇಕು, ಆಗದಿದ್ದರೆ ಏನು, ಎಲ್ಲವನ್ನೂ ಹೇಳಿದೆ. ಟೀಚರು ನನ್ನ ಮುಖ ನೋಡಲಿಲ್ಲ. ಮಡಿಲಲ್ಲಿದ್ದ ಸ್ಲೇಟಿನ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದರು.

ತಾಯಿ ಕೇಳಿದರು. "ಈ ಕಡ್ಡಿ ಹಾಕಾದು ಯಾರು?"

ನರ್ಸುಗಳು ಇಲ್ಲೇ ಕಲಿಸಿಕೊಡುತ್ತಾರೆ, ಮನೆಯಲ್ಲಿ ನೀವೇ ಮಾಡಿಕೊಳ್ಳಬೇಕು ಎಂದೆ.

"ನಿಮ್ ನರ್ಸುಗಳ ಕಲಿಸಾಟ ನೋಡಾಯ್ತು," ಎಂದರು ತಾಯಿ. "ಕೆಡಿಸ್ದೋರು ನೀವು ಅಂತ ನಿಮ್ ಬಾಯಲ್ಲೇ ಬಂತಲ್ಲ. ಸರಿ ಮಾಡಾಕೂ ನೀವೇ ಬರ್ಬೇಕು. ನಮ್ ಮನೆ ಬಾಗ್ಲು ಹಗಲೊತ್ತು ತೆಗ್ದೇ ಇರ್ತದೆ."

ಅಂದೇ ಟೀಚರನ್ನು ಮನೆಗೆ ಕಳಿಸಿದರು. ಮಾರನೆಯ ದಿನದಿಂದ ನನ್ನ ದಿನಚರಿ ಹೀಗಾಯಿತು. ಬೆಳಿಗ್ಗೆ ಏಳರಿಂದ ಎರಡರ ತನಕ ಡ್ಯೂಟಿ. ಎರಡೂವರೆಯ ಬಸ್ಸಿಗೆ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆಗೆ. ಅಲ್ಲಿಂದ ರಾಗಿ ಹೊಲಗಳ ನಡುವಿನ ಗಾಡಿದಾರಿಯಲ್ಲಿ ಹೆಗ್ಗನಹಳ್ಳಿಗೆ ನಡಿಗೆ. ಚೀಲದಲ್ಲಿ ಸ್ಕೇಲ್, ಗಡಿಯಾರ, ಕುದಿಸಿ ಒಣಗಿಸಿದ ಐಸ್‌ಕ್ಯಾಂಡಿ ಕಡ್ಡಿಗಳ ಕಟ್ಟು. ಮೂರೂಕಾಲಿಗೆ ತಲುಪಿ ಆರರೊಳಗೆ ಎರಡು ಸಲ ವ್ಯಾಯಾಮ ಮಾಡಿಸುತ್ತಿದ್ದೆ. ಉಳಿದ ಆರು ಸಲ ಅವರೇ ಮಾಡಿಕೊಳ್ಳಬೇಕು.

ಕ್ರಮ ಇಷ್ಟು. ಅರ್ಧ ಗಂಟೆ ಮುಂಚೆ ನೋವಿನ ಮಾತ್ರೆ. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಹತ್ತು ನಿಮಿಷ ಕಾವು. ಕನ್ನಡಿಯ ಮುಂದೆ ಕೂರುವುದು. ಕನ್ನಡಿಯ ನಡುವೆ ನೆಟ್ಟಗೆ ಒಂದು ಕುಂಕುಮದ ಗೆರೆ ಎಳೆದಿದ್ದೆ. ಬಾಯಿ ತೆರೆಯುವಾಗ ಗಲ್ಲ ಆ ಗೆರೆ ಬಿಟ್ಟು ಬಲಕ್ಕೆ ಸರಿಯಬಾರದು. ಆಮೇಲೆ ಹಲ್ಲುಗಳ ನಡುವೆ ಹಿಡಿಸುವಷ್ಟು ಕಡ್ಡಿ, ಒಂದು ನಿಮಿಷ. ನಡುವೆ ಇನ್ನೊಂದು ಕಡ್ಡಿ, ಮತ್ತೆ ಒಂದು ನಿಮಿಷ. ಕೊನೆಗೆ ಅಳತೆ. ಮೊದಲ ದಿನ ಐದು ಕಡ್ಡಿ ಹಿಡಿಸಿತು.

ಟೀಚರು ನನ್ನ ಜೊತೆ ಮಾತಾಡುತ್ತಿರಲಿಲ್ಲ. ಬಾಯಿ ಸಾಲದೆಂದಲ್ಲ, ತಾಯಿಯ ಜೊತೆ ಹಲ್ಲಿನ ಸಂದಿಯಲ್ಲೇ ಚೆನ್ನಾಗಿ ಜಗಳವಾಡುತ್ತಿದ್ದರು. ನನಗೆ ಬೇಕಾದ್ದನ್ನು ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದರು. ನಾನು ಓದಿದ ಮೇಲೆ ತಾವೇ ಒರೆಸುತ್ತಿದ್ದರು, ಸ್ಲೇಟನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ. ಬಲಹುಬ್ಬು ಏಳುತ್ತಿರಲಿಲ್ಲ, ಅದರಿಂದ ಸಿಟ್ಟು ಮುಖದ ಒಂದೇ ಪಕ್ಕದಲ್ಲಿ ಕಾಣುತ್ತಿತ್ತು. ನರ ಸೋತಿದೆ, ಮರಳುತ್ತದೆ ಎಂದು ಡಾಕ್ಟರು ಹೇಳಿದ್ದರು. ಮರಳಿತು, ಸಂಕ್ರಾಂತಿಯ ಹೊತ್ತಿಗೆ.

ಐದು ದಿನದಲ್ಲಿ ಒಂಬತ್ತು ಹದಿನೈದಾಯಿತು. ನನಗೆ ಉಸಿರು ಬಂದ ಹಾಗಾಯಿತು, ತಪ್ಪು ಅಲ್ಲೇ ಶುರುವಾಯಿತು. ದಿನಕ್ಕೆ ಒಂದಕ್ಕಿಂತ ಹೆಚ್ಚೇ ಬರುತ್ತಿದೆ, ಲೆಕ್ಕ ಮೂರು ವಾರಕ್ಕೆ ಮುಂಚೆಯೇ ಮುಗಿಯಲಿ ಎಂದು ಆರನೆಯ ದಿನ ಒಟ್ಟಿಗೆ ಎರಡು ಕಡ್ಡಿ ಸೇರಿಸಿದೆ. ಟೀಚರ ಕಣ್ಣಲ್ಲಿ ನೀರು ಬಂತು. ಕೈ ಎತ್ತಿದರು. "ಒಂದೇ ನಿಮಿಷ, ಒಂದೇ ನಿಮಿಷ," ಎನ್ನುತ್ತ ನಾನು ಗಡಿಯಾರ ನೋಡುತ್ತಿದ್ದೆ. ನಿಮಿಷ ಪೂರ್ತಿ ಆದ ಮೇಲೆಯೇ ತೆಗೆದೆ.

ಮರುದಿನ ಹೋದಾಗ ಬಲಗೆನ್ನೆ ಊದಿತ್ತು. ಹನ್ನೊಂದು. ಟೀಚರು ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿಟ್ಟಿದ್ದರು. ಕಡ್ಡಿಯ ಕಟ್ಟು ಬಿಚ್ಚಲಿಲ್ಲ. ಸ್ಲೇಟಿನಲ್ಲಿ ಮೊದಲೇ ಬರೆದಿಟ್ಟಿದ್ದರು: "ನಾನು ಕೈ ಎತ್ತಿದ್ದೆ."

ಅದನ್ನು ಎಷ್ಟು ಹೊತ್ತು ಓದಿದೆನೋ ತಿಳಿಯದು. ಎರಡನೆಯ ಸಲ ಆಗಿದ್ದು ಇದು. ಕಾರ್ಡು ಕಿತ್ತುಹಾಕಿದ್ದೆ, ಆದರೆ ಕಾರ್ಡು ಹಾಕುವ ಕೈ ನನ್ನ ಜೊತೆಯಲ್ಲೇ ಹೆಗ್ಗನಹಳ್ಳಿಗೆ ಬಸ್ಸಿನಲ್ಲಿ ಬಂದಿತ್ತು. ಕ್ಷಮಿಸಿ ಎನ್ನಲು ಹೊರಟೆ, ಅದು ಆ ಸ್ಲೇಟಿಗೆ ಉತ್ತರವಲ್ಲ ಅನ್ನಿಸಿತು. "ಹೌದು, ಎತ್ತಿದ್ರಿ. ನಾನು ನೋಡಿದೆ," ಎಂದೆ. "ಈಗ ಹೇಗೆ ಮಾಡೋಣ, ನೀವು ಹೇಳಿ."

ಎರಡು ದಿನ ಕಾವು ಮಾತ್ರ ಎಂದು ಬರೆದರು. ನಾನು ಎರಡು ದಿನವೂ ಬಂದು, ಕಾವು ಕೊಟ್ಟು, ಅಳೆಯದೆ ಹೋದೆ. ಗಡುವಿನಲ್ಲಿ ಎರಡು ದಿನ ಕಳೆಯಿತು. ಮೂರನೆಯ ದಿನ ಅವರು ಕನ್ನಡಿಯನ್ನು ತಿರುಗಿಸಿ, ಮಾಸಿದ್ದ ಕುಂಕುಮದ ಗೆರೆಯನ್ನು ತಾವೇ ತಿದ್ದಿ, ಕಡ್ಡಿಯ ಕಟ್ಟನ್ನು ತಮ್ಮ ಕಡೆಗೆ ಎಳೆದುಕೊಂಡರು. ಹಲ್ಲಿನ ಸಂದಿಯಿಂದ ಮೊದಲ ಸಲ ನನ್ನ ಜೊತೆ ಮಾತಾಡಿದರು.

"ಇನ್ಮೇಲೆ ಕಡ್ಡಿ ನಾನೇ ಹಾಕ್ಕೋತೀನಿ. ನೀವು ಗಡಿಯಾರ ನೋಡಿ."

ಅಂದಿನಿಂದ ನನ್ನ ಕೆಲಸ ಅಷ್ಟೇ. ನಿಮಿಷ ಆದಾಗ ಆಯಿತು ಎನ್ನುವುದು, ಅವರು ಕೈ ಎತ್ತಿದರೆ ನಿಮಿಷ ಆಗದಿದ್ದರೂ ಆಯಿತು ಎನ್ನುವುದು. ಟೀಚರು ಹೊಸದೊಂದು ಸೇರಿಸಿದರು. ಕಡ್ಡಿ ತೆಗೆದ ಕೂಡಲೇ ಅಕ್ಷರಮಾಲೆ ಶುರುವಿನಿಂದ ಕೊನೆಯ ತನಕ, ಗಟ್ಟಿಯಾಗಿ, ಕನ್ನಡಿ ನೋಡುತ್ತ. ಕಡ್ಡಿ ದವಡೆಯನ್ನು ಸುಮ್ಮನೆ ಎತ್ತಿ ಹಿಡಿಯುತ್ತದೆ, ಅಕ್ಷರ ಅದನ್ನು ನಡೆಸುತ್ತದೆ. ಇದನ್ನು ಡಾಕ್ಟರಿಗೆ ಹೇಳಿದಾಗ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ತಾಯಿ ಒಲೆಯ ಮುಂದಿನಿಂದ, "ಒಂದ್ನೇ ಕ್ಲಾಸ್ನಾಗೆ ನಂಗೂ ಒಂದು ಜಾಗ ಕೊಡವ್ವ, ಕೇಳಿ ಕೇಳಿ ನಂಗೇ ಬಂದ್ಬಿಡ್ತು," ಎನ್ನುತ್ತಿದ್ದರು. ಟೀಚರು ಗೆರೆ ನೋಡುವುದು ಬಿಟ್ಟು ನಕ್ಕರೆ ಗಲ್ಲ ಬಲಕ್ಕೆ ಸರಿಯುತ್ತಿತ್ತು, ತಾಯಿಗೆ ಬೈಗುಳ ಬೀಳುತ್ತಿತ್ತು.

ಹನ್ನೊಂದು, ಹನ್ನೆರಡು, ಹನ್ನೆರಡು, ಹದಿನಾಲ್ಕು. ಒಂದು ದಿನ ಏನೂ ಏರುತ್ತಿರಲಿಲ್ಲ, ಮತ್ತೊಂದು ದಿನ ಎರಡು ಏರುತ್ತಿತ್ತು. ಹದಿನೆಂಟರಲ್ಲಿ ಮೂರು ದಿನ ನಿಂತುಬಿಟ್ಟಿತು. ಆ ಮೂರು ದಿನ ನನ್ನ ಕೈ ಕಡ್ಡಿಯ ಕಡೆಗೆ ಹೋಗದ ಹಾಗೆ ಚೀಲದ ಹಿಡಿ ಹಿಡಿದು ಕೂತಿರುತ್ತಿದ್ದೆ. ನಾಲ್ಕನೆಯ ದಿನ ಕೀಲಿನೊಳಗೆ ಏನೋ ಬಿಟ್ಟುಕೊಂಡ ಹಾಗಾಯಿತು ಎಂದರು. ನೋವಿಲ್ಲ, ಸದ್ದೂ ಇಲ್ಲ. ಇಪ್ಪತ್ತೆರಡು. ಮೂರು ವಾರ ಮುಗಿದ ಮಂಗಳವಾರ ಆಸ್ಪತ್ರೆಯಲ್ಲಿ ಡಾಕ್ಟರು ಅಳೆದರು. ಇಪ್ಪತ್ತಾರು. ಅವರು ಸ್ಕೇಲನ್ನು ಒರೆಸಿ ನನ್ನ ಕೈಗಿಟ್ಟು, ಥಿಯೇಟರ್ ಪಟ್ಟಿಯಲ್ಲಿ ಎರಡನೆಯ ಆಪರೇಷನ್‌ಗೆ ಗುರುತು ಹಾಕಿದ್ದ ದಿನವನ್ನು ಹೊಡೆದುಹಾಕಿದರು.

ಅದೇ ಮಧ್ಯಾಹ್ನ ಹಳದಿ ಕಾರ್ಡುಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ತಲೆಬರಹ ಬದಲಿಸಿದೆ. ದವಡೆ ಎಂದಿದ್ದಲ್ಲಿ ಮುರಿದ ದವಡೆ ಎಂದು ಬರೆದೆ. ಎಲ್ಲ ಬಣ್ಣದ ಕಾರ್ಡುಗಳ ಮೇಲೂ ಒಂದು ಸಾಲು ಸೇರಿಸಿದೆ: ಕೇಸ್ ಶೀಟಿನ ಎರಡೂ ಪುಟ ಓದಿದ ಮೇಲೆ ಹಾಕುವುದು. ರೋಗಿ ಬೇರೆ ಹೇಳಿದರೆ ಮತ್ತೆ ಓದುವುದು. ಕಾರ್ಡು ನೋಡಿ, ಕೇಳಬೇಡಿ ಎಂಬ ಮಾತನ್ನು ನಾನು ಆಮೇಲೆ ಯಾರಿಗೂ ಹೇಳಲಿಲ್ಲ. ಎಣಿಕೆಯ ಶಿಸ್ತು ಬಿಡಲಿಲ್ಲ. ಆದರೆ ಎಣಿಕೆ ಮುಗಿದ ಕೂಡಲೇ, ನಡುವೆ ಏನಾದರೂ ಹೇಳಿದಿರಾ ಎಂದು ಕೇಳುವುದನ್ನು ಅದಕ್ಕೆ ಸೇರಿಸಿದೆ. ಕೆಲವು ಡಾಕ್ಟರುಗಳು ನಗುತ್ತಿದ್ದರು.

ದಸರಾ ರಜೆ ಕಳೆದು ಶಾಲೆ ತೆರೆದ ವಾರ ನನಗೆ ಮಧ್ಯಾಹ್ನ ಎರಡರ ಡ್ಯೂಟಿ. ಕೊನೆಯ ಸಲ ನಾನು ಅಳೆದಾಗ ಮೂವತ್ತಮೂರು ಇತ್ತು. ಆಮೇಲೆ ಟೀಚರೇ, ಇನ್ನು ಬರಬೇಡಿ, ನಾನು ನೋಡಿಕೊಳ್ಳುತ್ತೇನೆ ಎಂದಿದ್ದರು. ಥ್ಯಾಂಕ್ಸ್ ಎಂದಿರಲಿಲ್ಲ, ಅನ್ನಬೇಕಾಗಿಯೂ ಇರಲಿಲ್ಲ. ಶಾಲೆಯವರು ಮೊದಲ ದಿನ ಮುಖ್ಯೋಪಾಧ್ಯಾಯಿನಿಯ ಎದುರಿಗೆ ಪಾಠ ಮಾಡಿಸಿ ನೋಡುತ್ತಾರೆ ಎಂಬುದು ತಾಯಿಯಿಂದ ಗೊತ್ತಿತ್ತು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಬಸ್ಸಿನಿಂದ ಇಳಿದು, ಶಾಲೆಯ ಕಾಂಪೌಂಡಿನೊಳಗೆ ಹೋಗಿ ಒಂದನೇ ತರಗತಿಯ ಕಿಟಕಿಯ ಪಕ್ಕ ನಿಂತೆ.

ಮುಖ್ಯೋಪಾಧ್ಯಾಯಿನಿ ಹಿಂದಿನ ಬೆಂಚಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಟೀಚರು ಬೋರ್ಡಿನ ಮುಂದೆ. ಮಕ್ಕಳು ಒಟ್ಟಿಗೆ "ಆ" ಎಂದವು. ಹಲ್ಲು ಕಚ್ಚಿಕೊಂಡೇ. ಜೂನಿನಲ್ಲಿ ಕಲಿತದ್ದನ್ನು ಬಿಟ್ಟಿರಲಿಲ್ಲ. ಮುಖ್ಯೋಪಾಧ್ಯಾಯಿನಿ ಕತ್ತೆತ್ತಿ ಟೀಚರನ್ನು ನೋಡಿದರು.

"ನಾನು ಹಿಂದೆ ಹಂಗೆ ಹೇಳ್ಕೊಟ್ಟಿದ್ದೆ. ಅದು ತಪ್ಪು," ಎಂದರು ಟೀಚರು ಮಕ್ಕಳಿಗೆ. "ಈಗ ನನ್ನ ನೋಡಿ."

ಬಾಯಿ ತೆರೆದರು. ಗಲ್ಲ ಸ್ವಲ್ಪ ಬಲಕ್ಕೆ ಹೋಗಿ, ನೆಟ್ಟಗೆ ಬಂತು. ನಾನು ಕಿಟಕಿಯಿಂದ ಕಣ್ಣಲ್ಲೇ ಅಳೆಯಲು ನೋಡಿದೆ, ಅಷ್ಟು ದೂರಕ್ಕೆ ಆಗಲಿಲ್ಲ. ಆ ಹೊತ್ತಿಗೆ ಅವರು ನನ್ನನ್ನು ಕಂಡರು. ನಗಲಿಲ್ಲ. ಬಲಗೈಯ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ತಿರುಗಿಸಿ, ಹಲ್ಲುಗಳ ನಡುವೆ ಇಟ್ಟು ತೋರಿಸಿದರು. ಮೂರೂ ಹಿಡಿಸಿದವು.

ಇದೂ ಪಾಠವೇ ಇರಬೇಕೆಂದು ನಲವತ್ತು ಮಕ್ಕಳೂ ಮೂರು ಮೂರು ಬೆರಳು ಬಾಯಿಗೆ ಇಟ್ಟುಕೊಂಡವು.

ಡ್ಯೂಟಿಗೆ ಇಪ್ಪತ್ತು ನಿಮಿಷ ಇತ್ತು. ಕಾಂಪೌಂಡಿನ ಗೇಟು ದಾಟುವಾಗ ಹಿಂದಿನಿಂದ "ಆ" ಎಂಬ ಸದ್ದು ಬಂತು. ಅದು ತೆರೆದ ಬಾಯಿಯ ಸದ್ದು.